ಯುದ್ಧಕಾಲದ ನಗೆಯ ಚಿತ್ರಗಳು

ನವರಸಗಳನ್ನು ಎಣಿಸುವಾಗ ನಮ್ಮ ಲಾಕ್ಷಣಿಕರು ಶೃಂಗಾರವಾದ ಕೂಡಲೆ ಹಾಸ್ಯವನ್ನು ಹೇಳಿ, ಅದರ ಮಗ್ಗುಲಲ್ಲಿಯೇ ಕರುಣವನ್ನು ಇರಿಸಿರುವರು. ಈ ಕ್ರಮವು ಎಣಿಕೆಯ ಅನುಕೂಲಕ್ಕಾಗಿ ಬಂದುದೋ, ಅಥವಾ ನಗೆಗೂ ಅಳುವಿಗೂ ಇರುವ ನೆರೆತನವನ್ನು ಬಲ್ಲವರು ಬೇಕೆಂದೇ ಹೀಗೆ ಇಟ್ಟರೋ ಎಂದು ನಾವು ಅನೇಕ ಸಲ ಯೋಚಿಸಿದ್ದುಂಟು. ನಾಟ್ಯವು ದುಃಖದಿಂದ ನೊಂದವರಿಗೂ ದುಡಿದು ದಣಿದವರಿಗೂ ವಿಶ್ರಾಂತಿಯನ್ನು ಕೊಡತಕ್ಕದ್ದೆಂದು ಭರತಮುನಿಯು ಹೇಳಿರುವನಷ್ಟೆ. ಆ ಮಾತಿನ ಅರ್ಥವು ನಮಗೆ ಮನದಟ್ಟಾದುದು ೧೯೪೦ರಲ್ಲಿ ಅಮೆರಿಕದ ಹಾಲಿವುಡ್ಡಿನಿಂದ ಹೊರಟ ಒಂದು ಕಪ್ಪುಬಿಳುಪಿನ ಚಿತ್ರದಿಂದ ಎಂದರೆ ವಾಚಕರು ಆಶ್ಚರ್ಯಪಡಬಹುದು.

ಸಂಗತಿಯು ಹೀಗೆ ನಡೆಯಿತು. ನಮ್ಮ ಅಣ್ಣನವರು ತೀರಿಕೊಂಡು ಏಳೆಂಟು ತಿಂಗಳಾಗಿದ್ದಿತು. ಸೂತಕವು ಹತ್ತು ದಿನಕ್ಕೆ ಕಳೆಯಿತಾದರೂ ಮನೆಯ ಮೌನವು ಕಳೆದಿರಲಿಲ್ಲ. ರೇಡಿಯೋ ಹಾಡುತ್ತಿರಲಿಲ್ಲ, ಮಕ್ಕಳು ಕೂಡ ನಗುವುದಾದರೆ ಹಿತ್ತಿಲಿಗೆ ಹೋಗಿ ನಗುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ ಅಣ್ಣನವರ ಮಗನು ಟೆಲಿವಿಷನ್ನಿನಲ್ಲಿ ಒಂದು ಹಳೆಯ ಇಂಗ್ಲಿಷ್ ಚಿತ್ರವನ್ನು ಹಾಕಿದನು. “ಅತ್ತಿಗೆ, ನಿಮಗೆ ಬೇಸರವಾಗುವುದಾದರೆ ನಿಲ್ಲಿಸಿಬಿಡೋಣ” ಎಂದೆವು. “ಇರಲಿ ಬಿಡಿ, ಹುಡುಗ ನೋಡಲಿ” ಎಂದು ಅವರು ಕಂಬಕ್ಕೆ ಒರಗಿ ಹೂಬತ್ತಿ ಹೊಸೆಯುತ್ತ ಕುಳಿತರು. ಅರ್ಧ ಗಂಟೆ ಕಳೆದಿರಬಹುದು. ಅತ್ತಿಗೆಯವರು ಇದ್ದಕ್ಕಿದ್ದಂತೆ ಗಟ್ಟಿಯಾಗಿ ನಕ್ಕುಬಿಟ್ಟರು. ಮರುಕ್ಷಣವೇ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಏನೋ ತಪ್ಪು ಮಾಡಿದವರಂತೆ ನಮ್ಮೆಲ್ಲರ ಮುಖವನ್ನು ನೋಡಿದರು. ಆ ನೋಟವನ್ನು ನಾವು ಮರೆಯಲಾರೆವು. ದುಃಖದ ಕಾಲದಲ್ಲಿ ನಗುವುದು ತಪ್ಪೆ? ಈ ಪ್ರಶ್ನೆಯೇ ನಮ್ಮನ್ನು ಆ ಕಾಲದ ಚಿತ್ರಗಳ ಬೆನ್ನು ಹತ್ತಿಸಿತು.

ಅಂದು ನೋಡಿದ ಚಿತ್ರವು ‘ದಿ ಷಾಪ್ ಅರೌಂಡ್ ದಿ ಕಾರ್ನರ್’ ಎಂಬುದು. ಕಥೆ ನಡೆಯುವುದು ಹಂಗೇರಿಯ ಬುಡಾಪೆಸ್ಟ್ ನಗರದ ಒಂದು ಚರ್ಮದ ಸಾಮಾನಿನ ಅಂಗಡಿಯಲ್ಲಿ. ಕ್ರಾಲಿಕ್ ಎಂಬ ಹಿರಿಯ ಗುಮಾಸ್ತೆಗೂ ಕ್ಲಾರಾ ಎಂಬ ಹೊಸದಾಗಿ ಸೇರಿದ ಹುಡುಗಿಗೂ ದಿನಬೆಳಗಾದರೆ ಜಗಳ. ಇಬ್ಬರೂ ಗುಟ್ಟಾಗಿ ಹೆಸರು ತಿಳಿಯದ ಒಬ್ಬರೊಡನೆ ಪತ್ರವ್ಯವಹಾರ ನಡೆಸಿ, ಆ ಕಾಣದ ವ್ಯಕ್ತಿಗೆ ಮನಸ್ಸು ಕೊಟ್ಟಿರುವರು. ಹಗಲಲ್ಲಿ ಯಾರನ್ನು ಕಂಡರೆ ಆಗದೋ, ರಾತ್ರಿ ಅವರಿಗೇ ಪ್ರೇಮಪತ್ರ ಬರೆಯುತ್ತಿರುವೆವೆಂಬುದು ಇಬ್ಬರಿಗೂ ತಿಳಿಯದು. ಜೇಮ್ಸ್ ಸ್ಟೂವರ್ಟ್ ಮತ್ತು ಮಾರ್ಗರೆಟ್ ಸಲವನ್ ಎಂಬಿಬ್ಬರು ಈ ಪಾತ್ರಗಳನ್ನು ವಹಿಸಿರುವರು. ಇದರಲ್ಲಿ ಪಿರೋವಿಚ್ ಎಂಬ ಸಂಸಾರವಂದಿಗ ಗುಮಾಸ್ತೆಯೊಬ್ಬನುಂಟು. ಯಜಮಾನನು “ನಿನ್ನ ಪ್ರಾಮಾಣಿಕವಾದ ಅಭಿಪ್ರಾಯವೇನು?” ಎಂದು ಯಾರನ್ನಾದರೂ ಕೇಳಲು ಬಾಯಿ ತೆರೆದರೆ ಸಾಕು, ಈತನು ಸುರುಳಿಮೆಟ್ಟಿಲು ಹತ್ತಿ ಮಾಯವಾಗುವನು. ಅತ್ತಿಗೆಯವರು ನಕ್ಕುದು ಇಲ್ಲಿಯೇ. “ನಿಮ್ಮಣ್ಣನೂ ಹೀಗೇ ಅಲ್ಲವೆ? ಕಚೇರಿಯಲ್ಲಿ ಸಾಹೇಬರು ಏನಾದರೂ ಕೇಳುವರೆಂದರೆ ಕಡತ ಹುಡುಕುವ ನೆಪದಲ್ಲಿ ಹೊರಟುಬಿಡುತ್ತಿದ್ದರು” ಎಂದರು. ಎಂಟು ತಿಂಗಳಲ್ಲಿ ಅವರು ಅಣ್ಣನವರ ಮಾತನ್ನು ಕಣ್ಣೀರಿಲ್ಲದೆ ಎತ್ತಿದುದು ಅದೇ ಮೊದಲು.

ಈ ನಗೆಯ ಚಿತ್ರವು ಎಂತಹ ಕಾಲದಲ್ಲಿ ಹೊರಬಂದಿತೆಂಬುದನ್ನು ನೆನೆಯಬೇಕು. ಯೂರೋಪಿನಲ್ಲಿ ಎರಡನೆಯ ಮಹಾಯುದ್ಧವು ೧೯೩೯ರ ಸೆಪ್ಟೆಂಬರಿನಲ್ಲಿ ಹೊತ್ತಿಕೊಂಡಿತು. ಚಿತ್ರವು ೧೯೪೦ರ ಜನವರಿಯಲ್ಲಿ ತೆರೆಗೆ ಬಂದಿತು. ಇದನ್ನು ನಿರ್ದೇಶಿಸಿದ ಅರ್ನ್‌ಸ್ಟ್ ಲೂಬಿಚ್ ಬರ್ಲಿನ್ನಿನಲ್ಲಿ ಹುಟ್ಟಿದ ಯೆಹೂದಿ. ೧೯೨೨ರಲ್ಲಿಯೇ ಹಾಲಿವುಡ್ಡಿಗೆ ಬಂದಿದ್ದ ಆತನ ಪೌರತ್ವವನ್ನು ೧೯೩೫ರಲ್ಲಿ ನಾಜಿ ಸರಕಾರವು ಕಿತ್ತುಕೊಂಡಿತು. ಪಿರೋವಿಚ್ಚನ ಪಾತ್ರವನ್ನು ಆಡಿದ ಫೆಲಿಕ್ಸ್ ಬ್ರೆಸಾರ್ಟ್ ಕೂಡ ಜರ್ಮನಿಯನ್ನು ಬಿಟ್ಟು ಬಂದ ಯೆಹೂದಿ ನಟ. ಮನೆಮಾರು ಕಳೆದುಕೊಂಡವರು ತಮ್ಮ ಹಿಂದಿನ ಯೂರೋಪನ್ನು ಒಂದು ಪುಟ್ಟ ಅಂಗಡಿಯೊಳಗೆ ಹೊಸದಾಗಿ ಕಟ್ಟಿಕೊಂಡರೆಂದು ನಮಗೆ ತೋರುವುದು. ಆ ಅಂಗಡಿಯಲ್ಲಿಯೂ ಎಲ್ಲವೂ ಸಕ್ಕರೆಯಲ್ಲ. ಕೆಲಸ ಹೋದರೆ ಗತಿಯೇನೆಂಬ ಭಯವು ಪ್ರತಿಯೊಬ್ಬರ ಬೆನ್ನಿಗೂ ಅಂಟಿಕೊಂಡಿದೆ. ಹೆಂಡತಿಯ ಮೋಸವನ್ನು ತಿಳಿದ ಯಜಮಾನನು ಪ್ರಾಣ ಕಳೆದುಕೊಳ್ಳಲು ಹೋಗಿ, ಅಂಗಡಿಯ ಹುಡುಗನಿಂದ ಬದುಕಿಕೊಳ್ಳುವನು. ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಆ ಮುದುಕನು ಊಟಕ್ಕೆ ಜೊತೆಯನ್ನು ಹುಡುಕುತ್ತ ಬಾಗಿಲಲ್ಲಿ ನಿಂತು, ಕೊನೆಗೆ ಊರಿನಲ್ಲಿ ತನ್ನವರಾರೂ ಇಲ್ಲದ ಹೊಸ ಹುಡುಗನೊಬ್ಬನನ್ನು ಕರೆದುಕೊಂಡು ಹೋಗುವ ನೋಟವನ್ನು ಕಂಡಾಗ ಯಾರ ಕಣ್ಣಾದರೂ ತೇವವಾಗದೆ ಇರದು.

೧೯೪೧ರ ಡಿಸೆಂಬರ್ ೭ರಂದು ಪರ್ಲ್ ಹಾರ್ಬರಿನ ಮೇಲೆ ಜಪಾನೀಯರ ಬಾಂಬುಗಳು ಬಿದ್ದ ಬಳಿಕ ಅಮೆರಿಕವೂ ಯುದ್ಧಕ್ಕೆ ಇಳಿಯಿತು. ಹಾಲಿವುಡ್ಡಿಗೂ ಅದರ ಬಿಸಿ ತಟ್ಟಿತು. ೧೯೪೨ರಲ್ಲಿ, ಒಂದು ಚಿತ್ರದ ರಂಗಸಜ್ಜಿಕೆಗೆ ೫,೦೦೦ ಡಾಲರಿಗಿಂತ ಹೆಚ್ಚಿನ ಹೊಸ ಸಾಮಗ್ರಿಯನ್ನು ಬಳಸಕೂಡದೆಂದು ಸರಕಾರವು ಕಟ್ಟಪ್ಪಣೆ ಮಾಡಿತು. ಹಳೆಯ ಗೋಡೆಗಳಿಗೇ ಹೊಸ ಬಣ್ಣ ಬಳಿದು ಅರಮನೆಗಳನ್ನು ಎಬ್ಬಿಸಬೇಕಾಯಿತು. ಜೇಮ್ಸ್ ಸ್ಟೂವರ್ಟನು ಸೈನ್ಯವನ್ನು ಸೇರಿ, ಬಾಂಬು ಹಾಕುವ ವಿಮಾನಗಳನ್ನು ನಡೆಸಿಕೊಂಡು ಜರ್ಮನಿಯ ಮೇಲೆ ಹಾರಿದನು. ಬೆಟಿ ಡೇವಿಸ್ ಮತ್ತು ಜಾನ್ ಗಾರ್ಫೀಲ್ಡ್ ಎಂಬ ನಟರು ಮುಂದೆ ನಿಂತು ೧೯೪೨ರ ಅಕ್ಟೋಬರಿನಲ್ಲಿ ‘ಹಾಲಿವುಡ್ ಕ್ಯಾಂಟೀನ್’ ಎಂಬುದನ್ನು ತೆರೆದರು. ಅಲ್ಲಿ ಸಿಪಾಯಿಗಳಿಗೆ ಊಟ, ಕುಣಿತ, ಹಾಡು ಎಲ್ಲವೂ ಬಿಟ್ಟಿ. ಬಡಿಸುವವರು ತೆರೆಯ ಮೇಲಿನ ತಾರೆಗಳು. ಅಮೆರಿಕದಲ್ಲಿ ವಾರವೊಂದಕ್ಕೆ ಎಂಟು ಕೋಟಿಗೂ ಮೇಲ್ಪಟ್ಟು ಟಿಕೀಟುಗಳು ಮಾರಾಟವಾದ ವರ್ಷಗಳು ಅವು. ಮೊದಲು ರಣರಂಗದ ವಾರ್ತಾಚಿತ್ರ, ಅದಾದ ಮೇಲೆ ನಗೆ ಮತ್ತು ಹಾಡು. ಮಗನ ಕಾಗದವು ಬಾರದೆ ತಿಂಗಳಾದ ತಾಯಿಯೂ ಆ ಕತ್ತಲೆಯಲ್ಲಿ ಕುಳಿತಿದ್ದಿರಬೇಕು.

ನಮ್ಮ ನಾಡಿಗೂ ಈ ಚಿತ್ರಗಳ ಪರಿಚಯ ಇಲ್ಲದೆ ಇರಲಿಲ್ಲ. ಬೆಂಗಳೂರಿನ ದಂಡಿನಲ್ಲಿ, ಅಂದು ಸೌತ್ ಪೆರೇಡ್ ಎನಿಸಿದ್ದ ಇಂದಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ, ೧೯೩೬ರಲ್ಲಿ ಎದ್ದ ಪ್ಲಾಜಾ ಚಿತ್ರಮಂದಿರವು ಇಂಗ್ಲಿಷ್ ಚಿತ್ರಗಳಿಗೆ ಹೆಸರುವಾಸಿಯಾಗಿದ್ದಿತು. ಆ ಕಟ್ಟಡವು ಈಗ ಇಲ್ಲ.

ಯುದ್ಧದ ತಾಪತ್ರಯವನ್ನೇ ನಗೆಯ ಬಂಡವಾಳ ಮಾಡಿಕೊಂಡ ಚಿತ್ರವೆಂದರೆ ೧೯೪೩ರ ‘ದಿ ಮೋರ್ ದಿ ಮೆರಿಯರ್’. ಸರಕಾರದ ಹೊಸ ಕಚೇರಿಗಳಿಂದ ವಾಷಿಂಗ್‌ಟನ್ ನಗರವು ಕಿಕ್ಕಿರಿದು, ಬಾಡಿಗೆಗೆ ಒಂದು ಕೋಣೆಯೂ ಸಿಕ್ಕದ ಕಾಲವದು. ಜೀನ್ ಆರ್ಥರ್ ವಹಿಸಿದ ಕಾನಿ ಎಂಬ ಹುಡುಗಿಯು ದೇಶಸೇವೆಯೆಂದು ತನ್ನ ಮನೆಯ ಅರ್ಧವನ್ನು ಬಾಡಿಗೆಗೆ ಕೊಡಲು ಹೊರಡುವಳು. ಹೆಂಗಸೊಬ್ಬಳು ಬರುವಳೆಂದು ಅವಳ ನಿರೀಕ್ಷೆ. ಬಂದು ಒಕ್ಕಲಾಗುವವನು ಡಿಂಗಲ್ ಎಂಬ ಮೊಂಡು ಮುದುಕ. ಬೆಳಗ್ಗೆ ಯಾರು ಎಷ್ಟು ಹೊತ್ತಿಗೆ ಏಳಬೇಕು, ಬಚ್ಚಲುಮನೆಗೆ ಯಾರು ಯಾವ ನಿಮಿಷಕ್ಕೆ ಹೋಗಬೇಕು, ಹಾಲನ್ನು ಯಾವಾಗ ಒಳಗೆ ತರಬೇಕು ಎಂದು ಅವಳು ರೈಲುಬಂಡಿಯ ವೇಳಾಪಟ್ಟಿಯಂತೆ ಬರೆದು ಕೊಡುವಳು. ಪಾಪ, ಮುದುಕನು ಅದರಂತೆ ಓಡಾಡಿ ಪಡುವ ಪಾಡನ್ನು ಕೂಡು ಕುಟುಂಬದ ಮನೆಯಲ್ಲಿ ಒಂದೇ ಬಚ್ಚಲಿಗಾಗಿ ಸರದಿ ಕಾದು ಬೆಳೆದವರು ನಕ್ಕು ನಕ್ಕು ಅನುಭವಿಸಬಲ್ಲರು. ಮುದುಕನು ಸುಮ್ಮನಿರದೆ ತನ್ನ ಅರ್ಧದಲ್ಲಿ ಅರ್ಧವನ್ನು ಜೋ ಎಂಬ ಸಿಪಾಯಿಗೆ ಮರುಬಾಡಿಗೆ ಕೊಟ್ಟು, ಅವರಿಬ್ಬರ ಮದುವೆಯ ದಳ್ಳಾಳಿಯಾಗುವನು. ಈ ಪಾತ್ರಕ್ಕಾಗಿ ಚಾರ್ಲ್ಸ್ ಕೋಬರ್ನನಿಗೆ ಆಸ್ಕರ್ ಪ್ರಶಸ್ತಿಯು ದೊರಕಿತು. ರಾತ್ರಿ, ನಡುವೆ ತೆಳುಗೋಡೆ. ಅತ್ತ ಅವನ ಮಂಚ, ಇತ್ತ ಅವಳ ಮಂಚ. ಇಬ್ಬರೂ ಕತ್ತಲೆಯಲ್ಲಿ ಮಲಗಿ ಗೋಡೆಯ ಮೂಲಕ ಮಾತನಾಡುವರು. ಅಂದಿನ ಚಿತ್ರನಿಯಮಾವಳಿಯು ಗಂಡಹೆಂಡಿರ ಕೋಣೆಯನ್ನು ತೋರಿಸಲೂ ಕಣ್ಣು ಕೆಂಪು ಮಾಡುತ್ತಿದ್ದಿತು. ಆ ಕಟ್ಟುಪಾಡಿನೊಳಗೆ ಹುಟ್ಟಿದ ಶೃಂಗಾರವು ಅದು. ಮಕ್ಕಳೊಡನೆ ಕುಳಿತು ನೋಡಬಹುದಾದ ಶೃಂಗಾರ. ಆ ಸಿಪಾಯಿಯು ಸಮುದ್ರದಾಚೆಗೆ ಹೊರಡಲು ಉಳಿದಿರುವುದು ಒಂದೆರಡು ದಿನ ಮಾತ್ರ ಎಂಬುದನ್ನು ಪ್ರೇಕ್ಷಕನು ಮರೆಯಲಾರನು.

ಈ ಚಿತ್ರದ ನಿರ್ದೇಶಕ ಜಾರ್ಜ್ ಸ್ಟೀವನ್ಸ್ ಇದನ್ನು ಮುಗಿಸಿ ಸೈನ್ಯಕ್ಕೆ ಹೋದನು. ೧೯೪೫ರಲ್ಲಿ ಡಾಖಾವಿನ ಸೆರೆಶಿಬಿರವು ಬಿಡುಗಡೆಯಾದಾಗ ಅಲ್ಲಿಯ ಘೋರವನ್ನು ಚಿತ್ರಿಸಿಕೊಂಡ ತಂಡವು ಆತನದು. ಆತನ ಮೇಲ್ವಿಚಾರಣೆಯಲ್ಲಿ ಸಿದ್ಧವಾದ ಚಿತ್ರವನ್ನು ನ್ಯೂರೆಂಬರ್ಗಿನ ನ್ಯಾಯಸ್ಥಾನದಲ್ಲಿ ಸಾಕ್ಷ್ಯವಾಗಿ ತೋರಿಸಲಾಯಿತು. ಬಚ್ಚಲುಮನೆಯ ವೇಳಾಪಟ್ಟಿಯಿಂದ ನಮ್ಮನ್ನು ನಗಿಸಿದ ಕಣ್ಣೇ ಅದನ್ನೂ ಕಂಡಿತು. ಯುದ್ಧದಿಂದ ಹಿಂದಿರುಗಿದ ಮೇಲೆ ಆತನ ಚಿತ್ರಗಳು ಗಂಭೀರವಾದವು. ನಗೆಯನ್ನು ಹಗುರವೆಂದು ತಿಳಿಯುವವರು ಇದನ್ನು ಆಲೋಚಿಸಬೇಕು.

ಲೂಬಿಚ್ಚನು ೧೯೪೨ರಲ್ಲಿ ‘ಟು ಬಿ ಆರ್ ನಾಟ್ ಟು ಬಿ’ ಎಂಬ ಇನ್ನೊಂದು ಚಿತ್ರದಲ್ಲಿ ನಾಜಿಗಳನ್ನೇ ಗೇಲಿ ಮಾಡಿದನು. ವಾರ್ಸಾದ ಒಂದು ನಾಟಕಮಂಡಳಿಯವರು ತಮ್ಮ ರಂಗದ ಉಡುಪುಗಳನ್ನೇ ತೊಟ್ಟು ಶತ್ರುಗಳನ್ನು ಮೋಸಗೊಳಿಸುವ ಕಥೆಯದು. ಪೋಲೆಂಡ್ ದೇಶವು ಉರಿಯುತ್ತಿರುವಾಗ ಇದೆಂಥ ಹಾಸ್ಯವೆಂದು ಅಂದಿನ ಕೆಲವು ವಿಮರ್ಶಕರು ಮುನಿದರು. ನಾಯಕಿ ಕ್ಯಾರೊಲ್ ಲೊಂಬಾರ್ಡ್ ಚಿತ್ರವು ಬಿಡುಗಡೆಯಾಗುವುದನ್ನು ನೋಡಲಿಲ್ಲ. ಯುದ್ಧದ ಸಾಲಪತ್ರಗಳನ್ನು ಮಾರಲು ಇಂಡಿಯಾನಾ ಪ್ರಾಂತಕ್ಕೆ ಹೋಗಿ ಹಿಂದಿರುಗುವಾಗ, ೧೯೪೨ರ ಜನವರಿ ೧೬ರಂದು, ವಿಮಾನವು ಬೆಟ್ಟಕ್ಕೆ ಬಡಿದು ಆಕೆಯೂ ಆಕೆಯ ತಾಯಿಯೂ ಮಡಿದರು. ಆಕೆಗೆ ಆಗ ೩೩ ವರ್ಷ. ಇಂದು ಆ ಚಿತ್ರದಲ್ಲಿ ಆಕೆಯು ನಗುವುದನ್ನು ಕಾಣುವಾಗ ನಮ್ಮ ನಗೆಯು ಒಂದು ಕ್ಷಣ ತಡೆಯುವುದು, ಅನಂತರ ಮುಂದುವರಿಯುವುದು.

ಹಾಡುಕುಣಿತಗಳ ಚಿತ್ರಗಳ ವಿಷಯಕ್ಕೆ ಬರೋಣ. ೧೯೪೨ರ ‘ಹಾಲಿಡೇ ಇನ್’ ಚಿತ್ರದಲ್ಲಿ ಬಿಂಗ್ ಕ್ರಾಸ್ಬಿ ಹಾಡುವನು, ಫ್ರೆಡ್ ಅಸ್ಟೇರ್ ಕುಣಿಯುವನು. ತನ್ನ ಕುಣಿತವನ್ನು ತುಂಡುತುಂಡಾಗಿ ಕತ್ತರಿಸದೆ, ಅಡಿಯಿಂದ ಮುಡಿಯವರೆಗೆ ಇಡೀ ಆಳು ಕಾಣುವಂತೆ ತೋರಿಸಬೇಕೆಂಬುದು ಅಸ್ಟೇರನ ಹಠ. ಆದುದರಿಂದಲೇ ಪಟಾಕಿಗಳನ್ನು ಕಾಲ ಬಳಿ ಎಸೆಯುತ್ತ, ಸಿಡಿತದ ತಾಳಕ್ಕೆ ಹೆಜ್ಜೆ ಕೂಡಿಸುವ ಅವನ ನೃತ್ಯವನ್ನು ನೋಡುವಾಗ ನಮಗೆ ಮೋಸದ ಸಂಶಯ ಬಾರದು. ‘ವೈಟ್ ಕ್ರಿಸ್‌ಮಸ್’ ಎಂಬ ಹಾಡು ಜಗತ್ತಿಗೆಲ್ಲ ತಿಳಿದುದು ಇದೇ ಚಿತ್ರದಿಂದ. ದೂರದ ರಣರಂಗಗಳಲ್ಲಿದ್ದ ಸಿಪಾಯಿಗಳು ಅದನ್ನು ಮತ್ತೆ ಮತ್ತೆ ಕೇಳಬಯಸಿದರು. ಅದನ್ನು ರಚಿಸಿದ ಅರ್ವಿಂಗ್ ಬರ್ಲಿನ್ ರಷ್ಯದಿಂದ ಐದು ವರ್ಷದ ಬಾಲಕನಾಗಿ ವಲಸೆ ಬಂದ ಯೆಹೂದಿ. ೧೯೨೮ರ ಕ್ರಿಸ್‌ಮಸ್ ದಿನವೇ ಆತನ ಹಸುಗೂಸು ತೀರಿಕೊಂಡಿದ್ದಿತು. ಇದನ್ನು ತಿಳಿದು ಕೇಳಿದರೆ ಹಬ್ಬದ ಆ ಹಾಡಿನ ಸಣ್ಣ ದನಿಯಲ್ಲಿ ಬೇರೊಂದು ಕೇಳಿಬರುವುದು.

೧೯೪೪ರ ‘ಮೀಟ್ ಮಿ ಇನ್ ಸೇಂಟ್ ಲೂಯಿಸ್’ ವರ್ಣಚಿತ್ರವು ಗೃಹಸ್ಥರು ತಪ್ಪದೆ ನೋಡತಕ್ಕದ್ದು. ನಿರ್ದೇಶಕ ವಿನ್ಸೆಂಟ್ ಮಿನೆಲಿ. ನಾಯಕಿ ಜೂಡಿ ಗಾರ್ಲಂಡ್. ೧೯೦೪ರ ಮಹಾಪ್ರದರ್ಶನವನ್ನು ಎದುರು ನೋಡುತ್ತಿರುವ ಸೇಂಟ್ ಲೂಯಿಸ್ ನಗರದ ಒಂದು ತುಂಬಿದ ಮನೆ. ಅಜ್ಜ, ತಂದೆತಾಯಿ, ನಾಲ್ವರು ಹೆಣ್ಣುಮಕ್ಕಳು, ಒಬ್ಬ ಮಗ, ಅಡುಗೆಯವಳು. ತಂದೆಗೆ ನ್ಯೂಯಾರ್ಕಿಗೆ ವರ್ಗವಾಗುವುದು; ಮನೆ ಬಿಡಬೇಕು. ಕಥೆ ಇಷ್ಟೇ. ವರ್ಗದ ಹುಕುಮು ಬಂದ ಮನೆಯ ತಳಮಳವನ್ನು ನಮ್ಮ ವಾಚಕರಿಗೆ ವಿವರಿಸಬೇಕಾದುದಿಲ್ಲ. ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಅಕ್ಕನು ಪುಟ್ಟ ತಂಗಿಗೆ ಸಮಾಧಾನದ ಹಾಡೊಂದನ್ನು ಹೇಳುವಳು. ಮೊದಲು ಬರೆದ ಸಾಹಿತ್ಯವು ತೀರ ದುಃಖಕರವಾಗಿದ್ದುದರಿಂದ ಗಾರ್ಲಂಡಳು ಒಪ್ಪದೆ, ಕವಿಯಿಂದ ತಿದ್ದಿಸಿದಳು. ಹಾಡು ಮುಗಿಯುತ್ತಲೆ ಮಗುವು ಹೊರಗೆ ಓಡಿ, ತಾವು ಕಟ್ಟಿದ ಹಿಮದ ಬೊಂಬೆಗಳನ್ನು ಕೊಂಡೊಯ್ಯಲಾಗದೆಂಬ ಸಂಕಟದಿಂದ ಒಂದೊಂದನ್ನೂ ಹೊಡೆದು ಕೆಡಹುವುದು. ಮೇಲಿನ ಕಿಟಕಿಯಿಂದ ಇದನ್ನು ನೋಡಿದ ತಂದೆಯು ನ್ಯೂಯಾರ್ಕಿನ ಮಾತನ್ನು ಬಿಟ್ಟುಬಿಡುವನು. ಆ ವರ್ಷ ಲಕ್ಷಾಂತರ ಮನೆಗಳಿಂದ ಒಬ್ಬೊಬ್ಬರು ದೂರ ಹೋಗಿದ್ದರು. ಯಾರೂ ಮನೆ ಬಿಟ್ಟು ಹೋಗುವುದಿಲ್ಲವೆಂಬ ಒಂದು ಕಥೆಯನ್ನು ಅವರಿಗೆ ಈ ಚಿತ್ರವು ಕೊಟ್ಟಿತು.

ಮೆಚ್ಚಿದೆವೆಂದು ಕುಂದುಗಳನ್ನು ಮುಚ್ಚುವುದು ಸಲ್ಲದು. ‘ಹಾಲಿಡೇ ಇನ್’ ಚಿತ್ರದಲ್ಲಿಯೇ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ನೀಗ್ರೋ ಜನರನ್ನು ಅಣಕಿಸುವ ಭಾಗವೊಂದು ಇದೆ. ಇಂದು ಅದು ಕಣ್ಣಿಗೆ ಕಸವಾಗುವುದು. ಲೀನಾ ಹಾರ್ನ್ ಎಂಬ ಕರಿಯ ಗಾಯಕಿಯು ಅಸಾಧಾರಣ ಕಂಠಸಿರಿಯುಳ್ಳವಳು. ದಕ್ಷಿಣದ ಪ್ರಾಂತಗಳ ಚಿತ್ರಮಂದಿರಗಳವರು ಕತ್ತರಿಸಿ ಹಾಕಲು ಅನುಕೂಲವಾಗುವಂತೆ, ಅನೇಕ ಚಿತ್ರಗಳಲ್ಲಿ ಆಕೆಯ ಹಾಡುಗಳನ್ನು ಕಥೆಗೆ ಅಂಟದ ಹಾಗೆ ಇಡುತ್ತಿದ್ದರು. ಸ್ವಾತಂತ್ರ್ಯಕ್ಕಾಗಿ ಹೋರಾಡುವೆವೆಂದ ನಾಡು ತನ್ನ ಮನೆಯಲ್ಲಿ ನಡೆಸಿದ ಅನ್ಯಾಯವಿದು. ಮಕ್ಕಳೊಡನೆ ನೋಡುವ ಹಿರಿಯರು ಇಂತಹ ಕಡೆ ಒಂದು ಕ್ಷಣ ನಿಲ್ಲಿಸಿ ತಿಳಿಯಹೇಳುವುದು ಒಳ್ಳೆಯದು. ಆಕೆಯ ಹಾಡನ್ನು ಮನದಣಿಯೆ ಕೇಳಬಯಸುವವರು ೧೯೪೩ರ ‘ಸ್ಟಾರ್ಮಿ ವೆದರ್’ ಚಿತ್ರವನ್ನು ನೋಡಬಹುದು.

ಇಂಗ್ಲಿಷ್ ಬಾರದ ಹಿರಿಯರು ಇವನ್ನು ಹೇಗೆ ಸವಿಯುವರೆಂಬ ಸಂದೇಹ ಬೇಡ. ಒಂದು ಚಿತ್ರವು ಎರಡು ಗಂಟೆಯೊಳಗೆ ಮುಗಿಯುವುದು. ಮಕ್ಕಳಲ್ಲಿ ಒಬ್ಬರು ಮಗ್ಗುಲಲ್ಲಿ ಕುಳಿತು ಆಗಾಗ ಒಂದೊಂದು ಮಾತು ಹೇಳಿದರೆ ಸಾಕು. ಪಿರೋವಿಚ್ಚನು ಮೆಟ್ಟಿಲು ಹತ್ತುವುದಕ್ಕೆ ಭಾಷಾಂತರವೇಕೆ?

ಮುಂದಿನ ಭಾನುವಾರ ಊಟವಾದೊಡನೆ ಅತ್ತಿಗೆಯವರೇ, “ಈ ಹೊತ್ತು ಯಾವ ಚಿತ್ರವಪ್ಪ?” ಎಂದು ಮಗನನ್ನು ಕೇಳಿದರು. ಅಂದು ಸೇಂಟ್ ಲೂಯಿಸ್ಸಿನ ಚಿತ್ರ. ಮಗುವು ಹಿಮದ ಬೊಂಬೆಗಳನ್ನು ಒಡೆಯುವಾಗ ಅವರು ಅತ್ತರು, ಮುಖವನ್ನು ಮರೆಮಾಡಲಿಲ್ಲ. ಆ ರಾತ್ರಿ ಎಲೆಯ ಮುಂದೆ ಕುಳಿತಾಗ ಅಣ್ಣನವರ ವರ್ಗದ ಕಥೆಗಳು ಹೊರಟವು. ತರೀಕೆರೆಯ ಮನೆಯನ್ನು ಬಿಡುವ ದಿನ ದೊಡ್ಡ ಹುಡುಗಿಯು ಸಂಪಿಗೆಯ ಗಿಡವನ್ನು ಕಿತ್ತುಕೊಂಡು ಲಾರಿ ಹತ್ತಿದುದು, ಅಣ್ಣನವರು ಅದಕ್ಕೊಂದು ಡಬ್ಬ ಹುಡುಕಿ ತಂದುದು, ಎಲ್ಲವನ್ನೂ ಹೇಳುತ್ತ ಅತ್ತಿಗೆಯವರು ನಕ್ಕರು, ನಾವೂ ನಕ್ಕೆವು. ದುಃಖವು ಹೋಗಲಿಲ್ಲ, ಹೋಗತಕ್ಕದ್ದೂ ಅಲ್ಲ. ಆದರೆ ಹೋದವರ ಹೆಸರು ಮನೆಯೊಳಗೆ ಹಿಂದಿರುಗಿ ಬಂದಿತು. ಯುದ್ಧದ ಮಧ್ಯದಲ್ಲಿ ಹಾಡಿದವರೂ ನಗಿಸಿದವರೂ ಮಾಡಿದ ಉಪಕಾರವು ಇಂತಹದೇ ಇರಬೇಕೆಂದು ನಾವು ನಂಬಿರುವೆವು.