ಗೌಟ್ ಬಂದರೆ ಬೇಳೆ ಬಿಡಬೇಕೆ?

ರಾತ್ರಿ ಮಲಗುವಾಗ ಚೆನ್ನಾಗಿಯೇ ಇದ್ದ ಕಾಲು ಬೆಳಗಿನ ಜಾವಕ್ಕೆ ಹೆಬ್ಬೆರಳ ಬುಡದಲ್ಲಿ ಕೆಂಪಗೆ ಊದಿರುತ್ತದೆ. ಹೊದಿಕೆ ತಗುಲಿದರೂ ಜೀವ ಹೋಗುವಂಥ ನೋವು. ಗೌಟ್ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಹೀಗೆ. ರಕ್ತದಲ್ಲಿ ಯೂರಿಕ್ ಆಸಿಡ್ ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಪೂರ್ತಿ ಕರಗಿ ಉಳಿಯಲಾರದು; ಸೂಜಿಯಂಥ ಹರಳುಗಳಾಗಿ ಕೀಲಿನಲ್ಲಿ ಕೂರಬಹುದು. ನೋವಿನ ಸುದ್ದಿ ತಿಳಿದ ಕೂಡಲೇ ನೆಂಟರಿಷ್ಟರು ಪಥ್ಯದ ಪಟ್ಟಿ ಒಪ್ಪಿಸುತ್ತಾರೆ. ಬಿಡಬೇಕಾದ್ದು ಎಷ್ಟೋ ಸಲ ಆ ಪಟ್ಟಿಯಲ್ಲೇ ಇರುವುದಿಲ್ಲ.

1. ತಪ್ಪು ಕಲ್ಪನೆ: ಬೇಳೆ, ಪಾಲಕ್, ಅಣಬೆ, ಹೂಕೋಸು ಮುಟ್ಟಲೇಬಾರದು.

ವಾಸ್ತವ: ಇವುಗಳಲ್ಲಿ ಪ್ಯೂರಿನ್ ಇರುವುದೂ, ಅದು ಒಡೆದು ಯೂರಿಕ್ ಆಸಿಡ್ ಆಗುವುದೂ ನಿಜ. ಆದರೆ ಅಮೆರಿಕದಲ್ಲಿ 47,150 ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಂಸ, ಮೀನು ಹೆಚ್ಚು ತಿನ್ನುವವರಿಗೆ ಗೌಟ್ ಹೆಚ್ಚಾಗಿ ಬಂದಿತ್ತು. ಪ್ಯೂರಿನ್ ಇರುವ ತರಕಾರಿ, ಕಾಳು ತಿನ್ನುವವರಿಗೆ ಹಾಗಾಗಿರಲಿಲ್ಲ. ದಿನದ ಬೇಳೆಸಾರು, ಸೊಪ್ಪಿನ ಪಲ್ಯ ನಿಲ್ಲಿಸಬೇಕಿಲ್ಲ.

2. ತಪ್ಪು ಕಲ್ಪನೆ: ಆಸಿಡ್ ಹೆಚ್ಚಾಗಿದೆ, ಹಾಗಾಗಿ ನಿಂಬೆ, ಮಜ್ಜಿಗೆ ಬೇಡ.

ವಾಸ್ತವ: ನಾಲಿಗೆಗೆ ಹುಳಿಯಾದದ್ದು ರಕ್ತದ ಯೂರಿಕ್ ಆಸಿಡ್ ಏರಿಸುವುದಿಲ್ಲ. ಅದೇ ಅಧ್ಯಯನದಲ್ಲಿ ಕೊಬ್ಬು ಕಡಿಮೆ ಇರುವ ಹಾಲು, ಮೊಸರು ಬಳಸುವವರಿಗೆ ಗೌಟ್ ಬಂದದ್ದು ಕಡಿಮೆ. ಕೆನೆ ತೆಗೆದ ಮಜ್ಜಿಗೆ ಧಾರಾಳವಾಗಿ ಕುಡಿಯಬಹುದು.

3. ತಪ್ಪು ಕಲ್ಪನೆ: ಮಾಂಸ ಬಿಟ್ಟರೆ ಸಾಕು.

ವಾಸ್ತವ: ಅಪ್ಪಟ ಸಸ್ಯಾಹಾರಿಗಳಿಗೂ ಗೌಟ್ ಬರುತ್ತದೆ. ಫ್ರಕ್ಟೋಸ್ ಎಂಬ ಸಕ್ಕರೆಯನ್ನು ಯಕೃತ್ತು ಅರಗಿಸುವಾಗಲೇ ಯೂರಿಕ್ ಆಸಿಡ್ ತಯಾರಾಗುತ್ತದೆ. ಕೋಲಾ, ಡಬ್ಬಿ ಜ್ಯೂಸ್, ಲೋಟಗಟ್ಟಲೆ ಕಬ್ಬಿನಹಾಲು ಇವೆಲ್ಲ ಈ ಲೆಕ್ಕಕ್ಕೇ ಸೇರುತ್ತವೆ. ಬಿಯರ್‌ನಲ್ಲಿ ಮದ್ಯದ ಜೊತೆ ಪ್ಯೂರಿನ್ನೂ ಇದೆ. ಹಾಗೆಂದು ವಿಸ್ಕಿಗೆ ವಿನಾಯಿತಿ ಇಲ್ಲ. ಮೂತ್ರಪಿಂಡ ಯೂರಿಕ್ ಆಸಿಡ್ ಹೊರಹಾಕುವುದಕ್ಕೆ ಅದೂ ಅಡ್ಡಿ.

4. ತಪ್ಪು ಕಲ್ಪನೆ: ಕೀಲುನೋವಿಗೆ ಕಾಲು ಸೂಪ್ ಮದ್ದು.

ವಾಸ್ತವ: ಮಾಂಸ ಬೇಯುವಾಗ ಪ್ಯೂರಿನ್‌ನ ಒಂದು ಪಾಲು ನೀರಿಗೆ ಇಳಿಯುತ್ತದೆ. ಗಂಟೆಗಟ್ಟಲೆ ಕುದಿಸಿದ ಸೂಪ್ ಕುಡಿದರೆ ಆ ಪಾಲೂ ಹೊಟ್ಟೆಗೆ ಹೋಗುತ್ತದೆ. ಲಿವರ್, ಕಿಡ್ನಿಯಂಥ ಅಂಗಮಾಂಸ ಬಿಡುವುದೇ ಮೇಲು. ಬೂತಾಯಿ, ಬಂಗುಡೆ ಅಪರೂಪಕ್ಕೆ, ಸ್ವಲ್ಪ ಸಾಕು. ನೋವು ಕೆರಳಿದ ದಿನಗಳಲ್ಲಿ ಬೇಡ.

5. ತಪ್ಪು ಕಲ್ಪನೆ: ಉಪವಾಸ ಮಾಡಿದರೆ ಯೂರಿಕ್ ಆಸಿಡ್ ಇಳಿಯುತ್ತದೆ.

ವಾಸ್ತವ: ಕಟ್ಟುನಿಟ್ಟಿನ ಉಪವಾಸದಲ್ಲಿ ಅದು ಏರುತ್ತದೆ, ನೀರೂ ಬಿಟ್ಟರೆ ಇನ್ನೂ ಕಷ್ಟ. ತೂಕ ಇಳಿಸುವುದು ಒಳ್ಳೆಯದು, ಆದರೆ ನಿಧಾನವಾಗಿ. ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಎಷ್ಟು ನೀರು ಕುಡಿಯಬೇಕೆಂದು ವೈದ್ಯರನ್ನೇ ಕೇಳಬೇಕು.

6. ತಪ್ಪು ಕಲ್ಪನೆ: ಪಥ್ಯ ಸರಿಯಾಗಿದ್ದರೆ ಮಾತ್ರೆ ಬೇಡ.

ವಾಸ್ತವ: ಯೂರಿಕ್ ಆಸಿಡ್‌ನ ಸುಮಾರು ಮೂರನೇ ಎರಡು ಪಾಲು ಹುಟ್ಟುವುದು ದೇಹದೊಳಗೇ, ಊಟದಿಂದಲ್ಲ. ಪಥ್ಯ ಎಷ್ಟೇ ಕಟ್ಟುನಿಟ್ಟಾಗಿದ್ದರೂ ಸಾಮಾನ್ಯವಾಗಿ ಇಳಿಯುವುದು 1 ಮಿಲಿಗ್ರಾಂ ಆಸುಪಾಸು. ರಿಪೋರ್ಟಿನಲ್ಲಿ 9 ಇದ್ದವರು 8ಕ್ಕೆ ಬಂದಾರು. ಚಿಕಿತ್ಸೆಯ ಗುರಿ ಇರುವುದು 6ಕ್ಕಿಂತ ಕೆಳಗೆ. ವೈದ್ಯರು ಅಲೋಪ್ಯೂರಿನಾಲ್‌ನಂಥ ಮಾತ್ರೆ ಬರೆದಿದ್ದರೆ, ನೋವು ಹೋಯಿತೆಂದು ನಿಲ್ಲಿಸಬಾರದು. ನೋವಿಲ್ಲದ ತಿಂಗಳುಗಳಲ್ಲೂ ಹರಳು ಕೀಲಿನಲ್ಲಿ ಇದ್ದೇ ಇರುತ್ತದೆ. ಅದು ಕರಗಬೇಕಾದರೆ ಮಾತ್ರೆ, ಪಥ್ಯ ಎರಡೂ ಬಿಡದೆ ನಡೆಯಬೇಕು.