ಉತ್ತರ ಅವರದು, ಕೈಬರಹ ನಿಮ್ಮದು

ಪಿಯುಸಿ ಓದ್ತಿದ್ದೀರಾ? ಬೇರೆಯವರ ಪರೀಕ್ಷೆ ಬರೀತೀರಾ? ಗಾಬರಿ ಬೇಡ, ಕಾನೂನುಬದ್ಧವಾಗೇ!

ಕಣ್ಣು ಕಾಣದ ವಿದ್ಯಾರ್ಥಿ ಉತ್ತರ ಹೇಳ್ತಾರೆ, ನೀವು ಬರೀತೀರಿ. ಈ ಕೆಲಸ ಮಾಡೋರೇ ಸ್ಕ್ರೈಬ್. ಅಭ್ಯರ್ಥಿ ತಾವೇ ಕರೆತರೋ ಸ್ಕ್ರೈಬ್ ಓದಿನಲ್ಲಿ ಅವರಿಗಿಂತ ಒಂದು ಹಂತ ಕೆಳಗಿರಬೇಕು ಅಂತ ಕೇಂದ್ರದ 2018ರ ಮಾರ್ಗಸೂಚಿ ಹೇಳಿತ್ತು. ಅದಕ್ಕೇ ಡಿಗ್ರಿಯವರಿಗೆ ನಿಮ್ಮಂಥವರು ಬೇಕು. ಎಂಎ ಮುಗಿಸಿದ ಅಣ್ಣ ಬಂದ್ರೆ ನಡೆಯಲ್ಲ.

ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಿಗುತ್ತೆ. ಅಂದ್ರೆ ಮೂರು ಗಂಟೆ ಪೇಪರಿಗೆ ನಾಲ್ಕು ಗಂಟೆ ಕೂರೋ ತಾಳ್ಮೆ ಬೇಕು.

ಕಷ್ಟ ಯಾವುದು ಗೊತ್ತಾ? ಅವರು ತಪ್ಪು ಹೇಳಿದಾಗ ತಿದ್ದದೆ ಇರೋದು! ಪ್ರಶ್ನೆ ನಿಧಾನವಾಗಿ ಓದಿ, ಕೇಳಿದ್ರೆ ಮತ್ತೆ ಓದಿ. ಹೇಳಿದ್ದಷ್ಟೇ ಬರೀರಿ.

ಹತ್ತಿರದ ಅಂಧರ ಶಾಲೆಯಲ್ಲಿ ಅಥವಾ ನಿಮ್ಮ ಕಾಲೇಜಿನ ಎನ್‌ಎಸ್‌ಎಸ್ ಅಧಿಕಾರಿ ಹತ್ರ ವಿಚಾರಿಸಿ. ಪರೀಕ್ಷೆ ಹಿಂದಿನ ದಿನ ಅಲ್ಲ, ತಿಂಗಳು ಮೊದಲೇ.