ನಡೆದು ಹಿಡಿದ ಬೀದಿ

ಬೀದಿಯಲ್ಲಿ ಅಲ್ಲಲ್ಲಿ ಮಳೆನೀರು ನಿಂತಿದೆ. ಕುದುರೆಗಾಡಿಗಳು ಅದನ್ನು ತುಳಿದುಕೊಂಡೇ ಸಾಗುತ್ತವೆ. ಟೋಪಿ ತೊಟ್ಟ ಗಂಡಸರು, ಉದ್ದ ಲಂಗದ ಹೆಂಗಸರು ಗಾಡಿಗಳ ನಡುವೆ ನುಸುಳಿ ರಸ್ತೆ ದಾಟುತ್ತಾರೆ. ಒಂದು ಮೋಟಾರು ಕಾರು ಪಕ್ಕದಿಂದ ಬಂದು ಮುಂದೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಕಾರು ಮತ್ತೆ ಬರುತ್ತದೆ. ಹುಡುಗರು ಕ್ಯಾಮೆರಾ ಕಂಡ ಖುಷಿಗೆ ಅದರ ಮುಂದೆಯೇ ಓಡುತ್ತಾರೆ. ದೂರದಲ್ಲಿ ಕಡ್ಡಿಯಂತೆ ಕಾಣುತ್ತಿದ್ದ ಫೆರಿ ಬಿಲ್ಡಿಂಗಿನ ಗಡಿಯಾರ ಗೋಪುರ ಸುಮಾರು ಹದಿಮೂರು ನಿಮಿಷಗಳಲ್ಲಿ ನಿಧಾನವಾಗಿ ಬೆಳೆದು ಎದುರಿಗೆ ನಿಲ್ಲುತ್ತದೆ. ಮಾತಿಲ್ಲ, ಕಥೆಯಿಲ್ಲ, ಇರುವುದು ಬೀದಿ ಮಾತ್ರ.

ಇದು ಸ್ಯಾನ್ ಫ್ರಾನ್ಸಿಸ್ಕೊ ನಗರದ ಮಾರ್ಕೆಟ್ ಸ್ಟ್ರೀಟ್. ಮೈಲ್ಸ್ ಸಹೋದರರು ಹಳಿಯ ಮೇಲೆ ಓಡುವ ಕೇಬಲ್ ಕಾರಿನ ಮುಂಭಾಗಕ್ಕೆ ಕ್ಯಾಮೆರಾ ಕಟ್ಟಿ ತೆಗೆದ ‘ಎ ಟ್ರಿಪ್ ಡೌನ್ ಮಾರ್ಕೆಟ್ ಸ್ಟ್ರೀಟ್’ ಎಂಬ ಮೂಕಿಚಿತ್ರ. ಇಂದು ಜಗತ್ತಿನ ಊರೂರುಗಳಲ್ಲಿ ಕೈಯಲ್ಲೊಂದು ಪುಟ್ಟ ಕ್ಯಾಮೆರಾ ಹಿಡಿದು, ಬಾಯಿ ಬಿಡದೆ, ಗಂಟೆಗಟ್ಟಲೆ ನಡೆದು ಬೀದಿಯನ್ನು ಚಿತ್ರೀಕರಿಸುವ ಪ್ರವಾಸಿಗರಿದ್ದಾರಲ್ಲ, ಅವರ ಮುತ್ತಜ್ಜ ಈ ಚಿತ್ರ ಎನ್ನಬಹುದು. ಇನ್ನೂ ಹಿಂದಕ್ಕೆ ಹೋದರೆ, ಲೂಮಿಯೇರ್ ಸಹೋದರರ ಛಾಯಾಗ್ರಾಹಕ ಅಲೆಕ್ಸಾಂಡ್ರ್ ಪ್ರೊಮಿಯೊ 1896ರಲ್ಲೇ ವೆನಿಸ್ಸಿನ ದೊಡ್ಡ ಕಾಲುವೆಯಲ್ಲಿ ದೋಣಿಯ ಮೇಲೆ ಕ್ಯಾಮೆರಾ ಇಟ್ಟು ದಂಡೆಯ ಮನೆಗಳನ್ನು ತೆಗೆದಿದ್ದ. ಚಲಿಸುವ ಚಿತ್ರ ಹುಟ್ಟಿದ ಮರುವರ್ಷವೇ ಕ್ಯಾಮೆರಾಕ್ಕೂ ತಿರುಗಾಟದ ಆಸೆ ಹತ್ತಿತ್ತು.

ಆದರೆ ಮಾರ್ಕೆಟ್ ಸ್ಟ್ರೀಟಿನ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಅದನ್ನು ತೆಗೆದದ್ದು ಯಾವಾಗ ಎಂಬುದು ಬಹುಕಾಲ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ದಾಖಲೆಯಲ್ಲಿ 1905ರ ಸೆಪ್ಟೆಂಬರ್ ಎಂದಿತ್ತು. ಕ್ಯಾಲಿಫೋರ್ನಿಯಾದ ನೈಲ್ಸ್ ಎಂಬಲ್ಲಿರುವ ಮೂಕಿಚಿತ್ರ ಸಂಗ್ರಹಾಲಯದ ಇತಿಹಾಸಕಾರ ಡೇವಿಡ್ ಕೀನ್ ಅವರಿಗೆ ಇದು ಸರಿಕಾಣಲಿಲ್ಲ. ಬೀದಿಯಲ್ಲಿ ನೀರು ನಿಂತಿದೆಯಲ್ಲ! ಹಳೆಯ ಪತ್ರಿಕೆಗಳ ಹವಾಮಾನ ವರದಿ ತೆಗೆದು ನೋಡಿದರೆ ಆ ಸೆಪ್ಟೆಂಬರಿನಲ್ಲಿ ಮಳೆಯ ಸುಳಿವಿಲ್ಲ. ಅವರು ಕಟ್ಟಡಗಳ ಮೇಲೆ ಬಿದ್ದ ನೆರಳನ್ನು ಅಳೆದರು. ಕಾರುಗಳ ನಂಬರ್ ಪ್ಲೇಟನ್ನು ವಾಹನ ನೋಂದಣಿ ದಾಖಲೆಯೊಂದಿಗೆ ತಾಳೆ ನೋಡಿದರು; ಒಂದು ಕಾರು 1906ರ ಆರಂಭದಲ್ಲಷ್ಟೇ ನೋಂದಣಿಯಾಗಿತ್ತು. ಎಲ್ಲವನ್ನೂ ಕೂಡಿಸಿದಾಗ ಸಿಕ್ಕ ಉತ್ತರ: 1906ರ ಏಪ್ರಿಲ್ ಮೊದಲ ಭಾಗದ ಆಸುಪಾಸು. ಆ ತಿಂಗಳ 18ರ ಬೆಳಗಿನ ಜಾವ 5 ಗಂಟೆ 12 ನಿಮಿಷಕ್ಕೆ ಭೂಮಿ ನಡುಗಿತು. ಭೂಕಂಪ ಮತ್ತು ಅದರ ಹಿಂದೆಯೇ ಹಬ್ಬಿದ ಬೆಂಕಿಗೆ ನಗರದ ಬಹುಭಾಗ ನಾಶವಾಯಿತು, ಸುಮಾರು 3,000 ಜನ ಸತ್ತರೆಂದು ಅಂದಾಜು. ಮೈಲ್ಸ್ ಸಹೋದರರ ಸ್ಟುಡಿಯೊ ಕೂಡ ಉಳಿಯಲಿಲ್ಲ. ಚಿತ್ರದ ಸುರುಳಿ ಮಾತ್ರ ಅದಕ್ಕೆ ಸ್ವಲ್ಪ ಮೊದಲು ನ್ಯೂಯಾರ್ಕಿನ ಕಡೆಗೆ ಹೊರಟಿತ್ತು.

ಆ ಗಂಡಸರು, ಹೆಂಗಸರು, ಓಡುವ ಹುಡುಗರು ಯಾರಿಗೂ ಮುಂದಿನ ದಿನಗಳ ಅರಿವಿಲ್ಲ. ಅದು ಗೊತ್ತಾದ ಮೇಲೆ ಆ ಚಿತ್ರವನ್ನು ಮೊದಲಿನಂತೆ ನೋಡಲು ಸಾಧ್ಯವೇ ಇಲ್ಲ.

ವಾಕಿಂಗ್ ಟೂರ್ ವಿಡಿಯೊ ಎಂದು ಈಗ ಹೆಸರಾಗಿರುವುದರ ಜೀವಾಳ ಇಲ್ಲಿದೆ: ನಾಳೆ ಇಲ್ಲವಾಗಬಹುದಾದ ಬೀದಿಯನ್ನು ಇದ್ದಂತೆಯೇ ಹಿಡಿದಿಡುವುದು. ಇದು ವ್ಲಾಗ್ ಅಲ್ಲ. ಕ್ಯಾಮೆರಾ ಹಿಡಿದವರು ತಮ್ಮ ಮುಖ ತೋರಿಸುವುದಿಲ್ಲ, ಹಿನ್ನೆಲೆ ಸಂಗೀತ ಹಾಕುವುದಿಲ್ಲ, ‘ಹಾಯ್ ಫ್ರೆಂಡ್ಸ್’ ಎನ್ನುವುದಿಲ್ಲ. ಜಪಾನಿನ ಬೀದಿಗಳಲ್ಲಿ ನಡೆಯುವ ‘ರಂಬಾಲಾಕ್’ ಎಂಬ ಚಾನೆಲ್ ಈ ಬಗೆಗೆ ಒಳ್ಳೆಯ ಮಾದರಿ. ಟೋಕಿಯೊದ ಶಿಂಜುಕು ಕಡೆಯ ಮಳೆಯ ರಾತ್ರಿ, ನಿಯಾನ್ ದೀಪಗಳ ಬಣ್ಣವೆಲ್ಲ ಒದ್ದೆ ಡಾಂಬರಿನ ಮೇಲೆ ಹರಡಿರುವಾಗ, ಪಾರದರ್ಶಕ ಕೊಡೆಗಳ ಸಾಲಿನ ಹಿಂದೆ ಒಂದು ಗಂಟೆ ನಡೆದರೆ ಹೇಗಿರುತ್ತದೋ ಹಾಗೆ. 2020ರಲ್ಲಿ ಕೊರೊನಾ ಜಗತ್ತನ್ನು ಮನೆಯೊಳಗೆ ಕೂರಿಸಿದಾಗ ಎಷ್ಟೋ ಜನ ಸಂಜೆಯ ವಾಕಿಂಗನ್ನು ಇಂಥ ವಿಡಿಯೊಗಳಲ್ಲೇ ಮುಗಿಸಿದರು.

ನೋಡಲು ಇಷ್ಟು ಸರಳವಾಗಿ ಕಾಣುವುದನ್ನು ಮಾಡಲು ಹೊರಟಾಗಲೇ ಕಷ್ಟ ತಿಳಿಯುವುದು. ಮನುಷ್ಯ ನಡೆಯುವಾಗ ಪ್ರತಿ ಹೆಜ್ಜೆಗೂ ಮೈ ಏರಿಳಿಯುತ್ತದೆ. ಕಣ್ಣು, ಮಿದುಳು ಸೇರಿ ಆ ಕುಲುಕಾಟವನ್ನು ಅಳಿಸಿಬಿಡುವುದರಿಂದ ನಮಗೆ ಗೊತ್ತಾಗುವುದಿಲ್ಲ. ಕ್ಯಾಮೆರಾಕ್ಕೆ ಆ ದಯೆ ಇಲ್ಲ.

ಇದಕ್ಕೆ ಮದ್ದು ಕಂಡುಹಿಡಿದವರು ಫಿಲಡೆಲ್ಫಿಯಾದ ಗ್ಯಾರೆಟ್ ಬ್ರೌನ್. ಮೊದಲು ಜನಪದ ಗಾಯಕ, ಆಮೇಲೆ ಜಾಹೀರಾತು ಚಿತ್ರಗಳ ಕೆಲಸ. ಕ್ಯಾಮೆರಾ ಚಲಿಸಬೇಕೆಂದರೆ ಹಳಿ ಹಾಕಿ ಡಾಲಿ ಎಂಬ ಭಾರವಾದ ಗಾಡಿ ತಳ್ಳಬೇಕಿದ್ದ ಕಾಲ ಅದು. ಜಾತ್ರೆಯಲ್ಲಿ ಹಗ್ಗದ ಮೇಲೆ ನಡೆಯುವ ಹುಡುಗಿ ಕೈಯಲ್ಲಿ ಉದ್ದನೆಯ ಗಳ ಹಿಡಿದಿರುತ್ತಾಳಲ್ಲ, ಬ್ರೌನ್ ನೆಚ್ಚಿಕೊಂಡ ಭೌತಶಾಸ್ತ್ರವೂ ಅದೇ: ತೂಕವನ್ನು ಎರಡು ತುದಿಗೆ ಹರಡಿದರೆ ವಸ್ತು ಸುಲಭಕ್ಕೆ ಓಲಾಡುವುದಿಲ್ಲ. ಕಂಬವೊಂದರ ಮೇಲ್ತುದಿಗೆ ಕ್ಯಾಮೆರಾ, ಕೆಳತುದಿಗೆ ಬ್ಯಾಟರಿ ಮತ್ತು ಮಾನಿಟರ್, ನಡುವೆ ಎಲ್ಲ ದಿಕ್ಕಿಗೂ ತಿರುಗುವ ಕೀಲು. ಅದನ್ನೆಲ್ಲ ಸ್ಪ್ರಿಂಗಿನ ತೋಳಿನ ಮೂಲಕ ಮೈಗೆ ತೊಟ್ಟ ಅಂಗಿಗೆ ಸೇರಿಸಿದರು. 1970ರ ದಶಕದ ನಡುವೆ ಅದು ಸ್ಟೆಡಿಕ್ಯಾಮ್ ಎಂಬ ಹೆಸರಿನಲ್ಲಿ ಹೊರಬಂತು.

ಅದರ ಶಕ್ತಿ ತೋರಿಸಲು ಬ್ರೌನ್ ಒಂದಿಷ್ಟು ತುಣುಕುಗಳನ್ನು ತೆಗೆದಿದ್ದರು. ಒಂದರಲ್ಲಿ ಅವರ ಗೆಳತಿ ಫಿಲಡೆಲ್ಫಿಯಾ ಕಲಾ ಸಂಗ್ರಹಾಲಯದ ಮೆಟ್ಟಿಲುಗಳ ಮೇಲೆ ಓಡುತ್ತಾರೆ, ಕ್ಯಾಮೆರಾ ಒಂದಿಷ್ಟೂ ಅಲುಗದೆ ಹಿಂಬಾಲಿಸುತ್ತದೆ. ಅದನ್ನು ನೋಡಿದ ನಿರ್ದೇಶಕ ಜಾನ್ ಅವಿಲ್ಡ್‌ಸನ್ ಆ ಮೆಟ್ಟಿಲುಗಳು ಎಲ್ಲಿವೆ ಎಂದು ವಿಚಾರಿಸಿದರು. 1976ರ ‘ರಾಕಿ’ ಚಿತ್ರದಲ್ಲಿ ಸಿಲ್ವೆಸ್ಟರ್ ಸ್ಟಲೋನ್ ಓಡಿ ಹತ್ತಿದ್ದು ಅದೇ ಮೆಟ್ಟಿಲುಗಳನ್ನು. 1983ರ ‘ರಿಟರ್ನ್ ಆಫ್ ದ ಜೆಡೈ’ ಚಿತ್ರದ ಕಾಡಿನೊಳಗಿನ ಬೆನ್ನಟ್ಟುವಿಕೆಯಂತೂ ಇನ್ನೂ ಸೊಗಸು: ಸೆಕೆಂಡಿಗೆ ಒಂದು ಫ್ರೇಮಿಗಿಂತ ಕಡಿಮೆ ವೇಗದಲ್ಲಿ ಕ್ಯಾಮೆರಾ ಓಡಿಸಿ ಬ್ರೌನ್ ಮರಗಳ ನಡುವೆ ಸುಮ್ಮನೆ ನಡೆದರು. ಪರದೆಯ ಮೇಲೆ ಅದೇ ನಡಿಗೆ ಬಾಣದ ವೇಗವಾಯಿತು. ನಡಿಗೆಯನ್ನು ಇಷ್ಟು ಬಗೆಯಲ್ಲಿ ದುಡಿಸಿಕೊಂಡ ಮತ್ತೊಬ್ಬ ಛಾಯಾಗ್ರಾಹಕ ಸಿಗುವುದು ಕಷ್ಟ.

ಬ್ರೌನ್ ಮೈಮೇಲೆ ಹೊತ್ತದ್ದು ಇಂದು ಅಂಗೈಗೆ ಬಂದಿದೆ. 2023ರ ಅಕ್ಟೋಬರಿನಲ್ಲಿ ಬಂದ ಡಿಜೆಐ ಆಸ್ಮೊ ಪಾಕೆಟ್ 3 ಕ್ಯಾಮೆರಾದ ತೂಕ 179 ಗ್ರಾಂ. ಅದನ್ನು ಸ್ಥಿರವಾಗಿ ಹಿಡಿಯುವ ಗಿಂಬಲ್ಲಿನೊಳಗಿನ ಮೂರು ಮೋಟಾರುಗಳು ಎಡಬಲ, ಮೇಲೆಕೆಳಗೆ, ಓರೆ ಈ ಮೂರು ತಿರುವುಗಳನ್ನೂ ತಡೆಯುತ್ತವೆ. ಆದರೆ ಹೆಜ್ಜೆಯ ಏರಿಳಿತವನ್ನು ಯಾವ ಮೋಟಾರೂ ಪೂರ್ತಿ ತಡೆಯದು. ಅಲ್ಲಿ ಕೆಲಸಕ್ಕೆ ಬರುವುದು ಮೊಣಕಾಲು. ಕೆರೆಯಿಂದ ತುಂಬಿದ ಕೊಡ ಹೊತ್ತು ಬರುವ ಹೆಂಗಸಿನ ನಡಿಗೆ ನೆನಪಿಸಿಕೊಳ್ಳಿ. ಮಂಡಿ ತುಸು ಬಾಗಿರುತ್ತದೆ, ಹಿಮ್ಮಡಿ ಮೊದಲು ಊರಿ ಪಾದ ನಿಧಾನವಾಗಿ ಬೆರಳಿನ ಕಡೆ ಉರುಳುತ್ತದೆ, ಸೊಂಟದಿಂದ ಕೆಳಗೆ ಎಷ್ಟು ಚಲನೆಯಿದ್ದರೂ ಕತ್ತು ಮಾತ್ರ ನೇರ. ವಾಕಿಂಗ್ ವಿಡಿಯೊ ಮಾಡುವವರು ತಿಂಗಳುಗಟ್ಟಲೆ ರೂಢಿಸಿಕೊಳ್ಳುವುದು ಇದನ್ನೇ. ಬೆಂಗಳೂರಿನಲ್ಲಿ ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊತ್ತು ಹೊರಡುವವರ ಕತ್ತು ಮತ್ತು ಮಂಡಿಗಳನ್ನು ಒಮ್ಮೆ ಗಮನಿಸಿದರೆ ಯಾವ ಕ್ಯಾಮೆರಾ ಶಾಲೆಯೂ ಹೇಳಿಕೊಡದ ಪಾಠ ಸಿಗುತ್ತದೆ.

ಉಳಿದದ್ದು ಲೆಕ್ಕಾಚಾರ. 4ಕೆ ಎಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿ. ಸೆಕೆಂಡಿಗೆ 60 ಫ್ರೇಮ್ ಇದ್ದರೆ ತಿರುಗುವಾಗ ಅಂಗಡಿಯ ಬೋರ್ಡು ಕಲಸಿಹೋಗುವುದಿಲ್ಲ. ಬೆಳಕನ್ನೂ ಬಣ್ಣವನ್ನೂ ಕ್ಯಾಮೆರಾದ ಇಷ್ಟಕ್ಕೆ ಬಿಟ್ಟರೆ ಬಿಸಿಲಿನಿಂದ ನೆರಳಿಗೆ ಹೋದಾಗಲೆಲ್ಲ ಚಿತ್ರ ಮಿಣಕುತ್ತದೆ, ಬಣ್ಣ ಬದಲಾಗುತ್ತದೆ. ಆದ್ದರಿಂದ ಕನಿಷ್ಠ ಬಣ್ಣದ ಹದವನ್ನಾದರೂ ಮೊದಲೇ ಕಟ್ಟಿಹಾಕುತ್ತಾರೆ. ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಬರೆದರೆ ಒಂದು ಗಂಟೆಯ ನಡಿಗೆಗೆ 45 ಜಿಬಿ ಬೇಕು. ಪ್ರವಾಸದಲ್ಲಿರುವವರಿಗೆ ರಾತ್ರಿ ಲಾಡ್ಜಿಗೆ ಬಂದ ಮೇಲೆ ಊಟಕ್ಕಿಂತ ಮೊದಲ ಕೆಲಸ ಇದನ್ನು ಹಾರ್ಡ್ ಡಿಸ್ಕಿಗೆ ಇಳಿಸುವುದು.

ಧ್ವನಿಯ ಬಗ್ಗೆ ಹೆಚ್ಚಿನವರು ಯೋಚಿಸುವುದೇ ಇಲ್ಲ. ಅದು ತಪ್ಪು. ಬೀದಿಯನ್ನು ಕಣ್ಣಿಗಿಂತ ಕಿವಿ ಹೆಚ್ಚು ನೆನಪಿಡುತ್ತದೆ. ಟೋಕಿಯೊದ ಎಷ್ಟೋ ಕಡೆ ರಸ್ತೆ ದಾಟುವ ಸಿಗ್ನಲ್ ಒಂದು ದಿಕ್ಕಿಗೆ ಕೋಗಿಲೆಯಂತೆ, ಇನ್ನೊಂದು ದಿಕ್ಕಿಗೆ ಹಕ್ಕಿಮರಿಯಂತೆ ಕೂಗುತ್ತದೆ, ಕಣ್ಣು ಕಾಣದವರಿಗೆ ದಾರಿ ತಿಳಿಯಲೆಂದು. ಆ ಕೂಗು ಕೇಳಿದರೆ ಸಾಕು, ಅಲ್ಲಿ ಇದ್ದುಬಂದವರಿಗೆ ಊರು ನೆನಪಾಗುತ್ತದೆ. ಶಿಸ್ತಿನವರು ಎರಡೂ ಕಿವಿಗೆ ಪುಟ್ಟ ಮೈಕ್ ಸಿಕ್ಕಿಸಿಕೊಂಡು ನಡೆಯುತ್ತಾರೆ. ಹೆಡ್‌ಫೋನಿನಲ್ಲಿ ಕೇಳುವವರಿಗೆ ಸೈಕಲ್ಲಿನ ಗಂಟೆ ಎಡಗಿವಿಯ ಹಿಂದಿನಿಂದ ಬಂದು ಬಲಕ್ಕೆ ಹೋದದ್ದು ಹಾಗೆಯೇ ಸಿಗುತ್ತದೆ. ಗಾಳಿಯ ಬರ್ರೆನ್ನುವ ಸದ್ದಿಗೆ ಮೈಕಿನ ಮೇಲೊಂದು ತುಪ್ಪಳದ ಟೋಪಿ, ಹೆಜ್ಜೆಯ ಸಪ್ಪಳಕ್ಕೆ ಮೆತ್ತನೆಯ ಅಟ್ಟೆಯ ಬೂಟು.

ನಮ್ಮ ಬೀದಿಗಳಲ್ಲಿ ಈ ಧ್ವನಿಯೇ ತೊಡಕು. ಕ್ಯಾಸೆಟ್ ಅಂಗಡಿಗಳು ಹೋದರೂ ಹಾಡು ಹೋಗಿಲ್ಲ. ಗಣೇಶನ ಪೆಂಡಾಲು, ನವೆಂಬರಿನ ಕನ್ನಡ ಬಾವುಟದ ಕಟ್ಟೆ, ಸ್ಟ್ಯಾಂಡಿನಲ್ಲಿ ನಿಂತ ಆಟೊ, ಎಲ್ಲಿಂದಲಾದರೂ ಒಂದು ಸಿನಿಮಾ ಹಾಡು ತೇಲಿ ಬರುತ್ತದೆ. ವಿಡಿಯೊ ತಾಣದ ಯಂತ್ರ ಅದನ್ನು ಗುರುತಿಸಿ ಹಕ್ಕುಸ್ವಾಮ್ಯದ ನೋಟಿಸು ಕಳಿಸುತ್ತದೆ. ಆಮೇಲೆ ಸಾಮಾನ್ಯವಾಗಿ ಉಳಿಯುವ ದಾರಿಗಳೆಂದರೆ ಆ ಭಾಗದ ಸದ್ದಡಗಿಸುವುದು, ಇಲ್ಲವೇ ಬರುವ ನಾಲ್ಕು ಕಾಸನ್ನೂ ಬಿಟ್ಟುಕೊಡುವುದು. ಸದ್ದಡಗಿಸಿದ ಗಾಂಧಿ ಬಜಾರು ಗಾಂಧಿ ಬಜಾರಲ್ಲ. ಬೀದಿಯಲ್ಲಿ ಕೇಳಿಸುವ ಹಾಡು ಆ ಬೀದಿಯದೂ ಹೌದು ಎಂಬ ಮಾತಿಗೆ ಕಾನೂನಿನಲ್ಲಿ ಸ್ವಲ್ಪ ಜಾಗ ಸಿಗಬೇಕು.

ಜನರ ಮುಖದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಕ್ಯೋಟೊ ನಗರದ ಗಿಯಾನ್‌ನಲ್ಲಿ ಗೀಶಾ ಎಂಬ ಸಾಂಪ್ರದಾಯಿಕ ಕಲಾವಿದೆಯರ ಬೆನ್ನುಬಿದ್ದ ಪ್ರವಾಸಿಗರ ಕಾಟಕ್ಕೆ ಬೇಸತ್ತ ಸ್ಥಳೀಯರು 2019ರಲ್ಲಿ ಖಾಸಗಿ ಓಣಿಗಳಲ್ಲಿ ಚಿತ್ರ ತೆಗೆದರೆ 10,000 ಯೆನ್ ದಂಡ ಎಂದು ಫಲಕ ಹಾಕಿದರು. ಅದು ನ್ಯಾಯವೇ. ಕ್ಯಾಮೆರಾ ಹಿಡಿದು ನಡೆಯುವವರು ಒಬ್ಬರ ಮೇಲೆಯೇ ನಿಲ್ಲಬಾರದು, ಮಕ್ಕಳ ಹತ್ತಿರ ಹೋಗಬಾರದು, ಬೇಡವೆಂದು ಕೈಯಾಡಿಸಿದವರನ್ನು ಬಿಟ್ಟು ಮುಂದೆ ಹೋಗಬೇಕು. ನಮ್ಮಲ್ಲಿ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಊರಲು ಅನುಮತಿ ಬೇಕು. ಕೈಯಲ್ಲಿ ಗಿಂಬಲ್ ಕಂಡರೂ ‘ಪರ್ಮಿಷನ್ ಇದೆಯಾ ಸಾರ್?’ ಎಂದು ಕಾವಲಿನವರು ಬರುವುದುಂಟು. ಗರ್ಭಗುಡಿಯ ಕಡೆ ಕ್ಯಾಮೆರಾ ತಿರುಗಿಸದಿರುವುದನ್ನು ಯಾರೂ ಹೇಳಿಕೊಡಬೇಕಿಲ್ಲ.

ಇಷ್ಟೆಲ್ಲ ಪಾಡು ಯಾಕೆ ಎಂದರೆ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗಬೇಕು. ಒಳಹೊಕ್ಕರೆ ಶಿಖರದಂತೆ ಪೇರಿಸಿದ ಕುಂಕುಮ, ವೀಳ್ಯದೆಲೆಯ ಕಟ್ಟು, ಹೂವಿಗೆ ಮೊಳ ಹಾಕುವ ಕೈ, ನಂಜನಗೂಡು ರಸಬಾಳೆಯ ವಾಸನೆ. 2016ರ ಆಗಸ್ಟಿನಲ್ಲಿ ಈ ನೂರು ವರ್ಷಕ್ಕೂ ಹಳೆಯ ಕಟ್ಟಡದ ಒಂದು ಭಾಗ ಕುಸಿಯಿತು. ಕೆಡವಿ ಕಟ್ಟಬೇಕೋ ಉಳಿಸಿ ದುರಸ್ತಿ ಮಾಡಬೇಕೋ ಎಂಬ ಜಗಳ ಕೋರ್ಟಿನವರೆಗೂ ಹೋಯಿತು. ಬೆಂಗಳೂರಿನ ಎಂ.ಜಿ. ರಸ್ತೆಯ ಉದ್ದಕ್ಕೂ ಮರದ ನೆರಳಿದ್ದ ಬುಲೆವಾರ್ಡ್ ಮೆಟ್ರೊ ಕಾಮಗಾರಿಗೆ ಹೋಯಿತು. ಹಂಪಿಯ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿದ್ದ ಅಂಗಡಿ ಮನೆಗಳನ್ನು 2011ರ ಜುಲೈನಲ್ಲಿ ತೆರವುಗೊಳಿಸಿದರು. ತೆರವು ಸರಿಯೋ ತಪ್ಪೋ, ಆ ಬಜಾರಿನಲ್ಲಿ ಒಂದು ಸಂಜೆ ಹೇಗಿರುತ್ತಿತ್ತು, ಯಾರ ಅಂಗಡಿಯ ಪಕ್ಕ ಯಾರ ಮನೆಯಿತ್ತು ಎಂಬುದನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನಡೆದು ಹಿಡಿಯುವ ಅವಕಾಶ ಅವತ್ತಿಗೆ ಮುಗಿಯಿತು. ಟೋಕಿಯೊದ ತ್ಸುಕಿಜಿ ಮೀನು ಮಾರುಕಟ್ಟೆಯ ಒಳಪ್ರಾಂಗಣ 2018ರ ಅಕ್ಟೋಬರಿನಲ್ಲಿ ಮುಚ್ಚಿ ತೊಯೊಸುಗೆ ಹೋಯಿತು. ಅದಕ್ಕೆ ಮೊದಲು ಅಲ್ಲಿ ಕ್ಯಾಮೆರಾ ಹಿಡಿದು ನಡೆದವರ ವಿಡಿಯೊಗಳೇ ಈಗ ಆ ಓಣಿಗಳಿಗೆ ದಾರಿ.

ಅದಕ್ಕೇ ಒಂದು ಕೋರಿಕೆ. ದೂರದ ಊರಿಗೆ ಪ್ರವಾಸ ಹೋದಾಗ ವಿಡಿಯೊ ಮಾಡುವ ಉತ್ಸಾಹ ನಿಮ್ಮಲ್ಲಿದ್ದರೆ, ಅಭ್ಯಾಸಕ್ಕೆಂದಾದರೂ ಮೊದಲು ನಿಮ್ಮೂರಿನ ಪೇಟೆ ಬೀದಿಯಲ್ಲಿ ಒಮ್ಮೆ ನಡೆಯಿರಿ. ಒಳ್ಳೆಯ ಕ್ಯಾಮೆರಾ ಇಲ್ಲದಿದ್ದರೆ ಮೊಬೈಲ್ ಸಾಕು, ಮಂಡಿ ಬಾಗಿಸಿ, ಅವಸರ ಬೇಡ. ಸಂತೆಯ ದಿನವಾದರೆ ಇನ್ನೂ ಒಳ್ಳೆಯದು. ಹೊರಡುವ ಮುನ್ನ ಮೊದಲ ಹತ್ತು ಸೆಕೆಂಡಿನಲ್ಲಿ ಊರು, ಬೀದಿ, ತಾರೀಖು, ಹೊತ್ತು ಇಷ್ಟನ್ನು ಬಾಯಿಬಿಟ್ಟು ಹೇಳಿ, ಆಮೇಲೆ ಮೌನವಾಗಿ ನಡೆಯಿರಿ. ಮೈಲ್ಸ್ ಸಹೋದರರು ಅದನ್ನು ಎಲ್ಲಾದರೂ ಬರೆದಿಟ್ಟಿದ್ದರೆ, ನೂರು ವರ್ಷದ ನಂತರ ಒಬ್ಬರು ಬೀದಿಯಲ್ಲಿ ನಿಂತ ಮಳೆನೀರಿನಿಂದ ತಾರೀಖು ಹುಡುಕಬೇಕಾಗುತ್ತಿರಲಿಲ್ಲ.